ಬಚ್ಚಲಿಗೆ ಕಟ್ಟಿದ ಎಳೆ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. ಅವರ ಅನುಮಾನವೆಲ್ಲ ವಸ್ತುಗಳ ಮೇಲೆ! ದಾರಿಯಲ್ಲಿ ಸಿಕ್ಕ ಅಪರಿಚಿತನನ್ನು ಮನೆಗೆ ಕರೆತಂದು ಕಾಫಿ ಕೊಡಿಸುತ್ತಾರೆ. ಆದರೆ ಆ ಕಾಫಿ ಕಾಯಿಸುವ ಒಲೆಯನ್ನು ಮಾತ್ರ ನಂಬುವುದಿಲ್ಲ. ನೆಲಮಂಗಲದ ಕಡೆ ಮಿಂಚಿದರೆ ದೊಡ್ಡಬಳ್ಳಾಪುರದಲ್ಲಿ ಟೀವಿಯ ವೈರು ಕೀಳುತ್ತಾರೆ. ಕುಕ್ಕರ್ ಕೂಗುವ ಹೊತ್ತಿಗೆ ಬಾಗಿಲ ಹಿಂದೆ ನಿಂತು, ಅದು ಸುಮ್ಮನಾದ ಮೇಲೆ ಏನೂ ಆಗಿಲ್ಲವೆಂಬಂತೆ ಈಚೆ ಬರುತ್ತಾರೆ. ಹೊಸ ಸಿಲಿಂಡರ್ ಬಂದರಂತೂ ಹಲಸಿನ ಹಣ್ಣು ಕೊಳ್ಳುವವರ ಹಾಗೆ ಸುತ್ತ ತಟ್ಟಿ, ಮೂಸಿ ನೋಡದೆ ಒಳಗೆ ಬಿಡುವುದಿಲ್ಲ.

ಜೊತೆಗೆ ಕಿವಿ ಮಂದ. ಅದು ಅವರ ತಪ್ಪಲ್ಲ ಬಿಡಿ. ನಮ್ಮದು ನೇಕಾರರ ಬೀದಿ. ಮನೆಮನೆಯಲ್ಲೂ ಪವರ್‌ಲೂಮ್ ಬಡಿದುಕೊಳ್ಳುತ್ತಿರುತ್ತದೆ. ಇಲ್ಲಿ ಗುಟ್ಟು ಹೇಳುವುದೂ ಕೂಗಿಯೇ! ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಚಿಕ್ಕಪ್ಪ ನನ್ನ ಕಿವಿಯಲ್ಲಿ, "ಹುಡುಗ ಪರವಾಗಿಲ್ಲ ಮಗಾ, ತಲೇಲಿ ಕೂದಲೇ ಕಮ್ಮಿ" ಎಂದು ಪಿಸುಗುಟ್ಟಿದರು. ಆ ಪಿಸುಮಾತು ಎದುರು ಮನೆಯವರಿಗೂ ಕೇಳಿಸಿತು. ನನ್ನ ಗಂಡ ಇವತ್ತಿಗೂ ನಮ್ಮ ಮನೆಗೆ ಕ್ಯಾಪ್ ಹಾಕಿಕೊಂಡೇ ಬರುತ್ತಾರೆ, ಪಾಪ.

ಇಂಥ ಚಿಕ್ಕಪ್ಪ ಇರುವ ಮನೆಗೆ ನಾನು ಬಾಣಂತನಕ್ಕೆ ಬಂದೆ. ಬಾಣಂತಿಯೆಂದರೆ ಬಿಸಿನೀರು, ಬಿಸಿನೀರೆಂದರೆ ಬಾಣಂತಿ! ಹಂಡೆಯ ಸೌದೆ ಒಲೆ ಊದಿ ಊದಿ ಅಮ್ಮನ ಕಣ್ಣು ಕೆಂಪಾದವು. ಕರೆಂಟಿನ ಗೀಸರ್ ಹಾಕಿಸೋಣವೆಂದರೆ ನಮ್ಮೂರಿನ ಕರೆಂಟು ಮಗ್ಗಕ್ಕೇ ಸಾಲದು. ಹಾಗಾಗಿ ಅಪ್ಪ ಗ್ಯಾಸ್ ಗೀಸರ್ ತಂದರು. ಚಿಕ್ಕಪ್ಪ ಬಾಶೆಟ್ಟಿಹಳ್ಳಿಗೆ ಹೋಗಿದ್ದ ದಿನ ನೋಡಿಕೊಂಡು, ಫಿಟ್ಟರನ್ನು ಕರೆಸಿ, ಬಚ್ಚಲುಮನೆಯ ಒಳಗೋಡೆಗೆ ಹಾಕಿಸಿಯೂಬಿಟ್ಟರು. ಸಿಲಿಂಡರ್ ಮಾತ್ರ ಹಿತ್ತಲಿನಲ್ಲಿ, ಗೋಡೆಯ ತೂತಿನಿಂದ ಒಳಗೆ ರಬ್ಬರ್ ಪೈಪು.

ಫಿಟ್ಟರ್ ಇನ್ನೂ ಸ್ಕ್ರೂಡ್ರೈವರ್ ಎತ್ತಿಟ್ಟಿರಲಿಲ್ಲ, ಚಿಕ್ಕಪ್ಪ ಬಂದೇ ಬಂದರು.

"ಏನಪ್ಪಾ ಗುರು, ಇದರ ಹೊಗೆ ಎತ್ಲಾಗೆ ಹೋಗ್ತದೆ?"

"ಇದಕ್ಕೆ ಹೊಗೆನೇ ಬರಲ್ಲ ಸಾರ್."

"ಆ?"

"ಹೊಗೆ ಬರಲ್ಲ!" ಎಂದು ಅವನು ಕಿರುಚಿದ.

"ಒಳಗೆ ಬೆಂಕಿ ಉರೀತದೋ?"

"ಉರೀತದೆ ಸಾರ್."

"ಬೆಂಕಿ ಉರಿದ ಮೇಲೆ ಏನೋ ಒಂದು ಬರಲೇಬೇಕಲ್ಲಪ್ಪಾ! ಕಾಣೋ ಹೊಗೆ ಆದ್ರೆ ಕಣ್ಣು ಉರೀತದೆ, ಕೆಮ್ಮು ಬರ್ತದೆ, ಎದ್ದು ಈಚೆಗೆ ಓಡ್ತೀವಿ. ಕಾಣದೇ ಇರೋದು ಬಂದ್ರೆ ಯಾರಿಗೆ ಹೇಳ್ತೀಯ?"

ಫಿಟ್ಟರ್ ಅಪ್ಪನ ಮುಖ ನೋಡಿದ. ಅಪ್ಪ ಆಕಾಶ ನೋಡಿದರು. ಆಮೇಲೆ ಚಿಕ್ಕಪ್ಪ ಗೀಸರಿನ ಡಬ್ಬದಲ್ಲಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟು, ಕನ್ನಡದಲ್ಲಿ ಓದು ಎಂದರು. ನಾನು ಓದಿದೆ. "ಆ?" ಎಂದರು. ಜೋರಾಗಿ ಓದಿದೆ. ಮತ್ತೆ "ಆ?" ಎಂದರು. ಗಾಳಿಯಾಡುವ ಜಾಗದಲ್ಲಿ, ಸ್ನಾನದ ಕೋಣೆಯ ಹೊರಗೇ ಹಾಕಬೇಕು, ಉರಿಯಿಂದ ಬರುವ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಗವಾಕ್ಷಿ ಮುಚ್ಚಬಾರದು ಎಂದು ನಾನು ಹಸಿ ಬಾಣಂತಿ ಗಂಟಲು ಹರಿದುಕೊಂಡದ್ದಕ್ಕೆ ಮಗ್ಗಗಳೇ ನಿಂತು ಬೀದಿಯವರೆಲ್ಲ ಈಚೆ ಬಂದರು. ನಮ್ಮ ಬೀದಿಗೆಲ್ಲ ಗೀಸರಿನ ಪಾಠ ಪುಕ್ಕಟೆಯಾಗಿ ಆಯಿತು. ಆಗದೇ ಹೋದದ್ದು ನಮ್ಮ ಮನೆಯವರಿಗೆ!

"ಊರೋರೆಲ್ಲ ಒಳಗೇ ಹಾಕಿಸ್ಕೊಂಡವ್ರೆ. ನಾಮಕರಣ ಮುಗೀಲಿ, ಈಚೆಗೆ ಹಾಕಿಸಿದರಾಯ್ತು. ಮಗು ಮಲಗೋ ಮನೇಲಿ ಗೋಡೆ ಕುಟ್ಟೋದು ಬೇಡ" ಎಂದು ಅಪ್ಪ ತೀರ್ಪು ಕೊಟ್ಟರು.

ಚಿಕ್ಕಪ್ಪ ಸುಮ್ಮನಿರುವ ಪೈಕಿಯೇ? ಮಗುವನ್ನು ಆ ಬಚ್ಚಲಿಗೆ ಒಯ್ಯಕೂಡದೆಂದು ಹಟ ಹಿಡಿದು, ಅದರ ಸ್ನಾನವನ್ನು ನಡುಮನೆಗೆ ಹಾಕಿಸಿದರು. ಉಳಿದವರು ಸ್ನಾನಕ್ಕೆ ಹೋದರೆ ಹೊರಗೆ ನಿಂತು, "ಇದ್ದೀಯಾ?" ಎಂದು ಕೂಗುವುದು. ಒಳಗಿನವರು "ಇದ್ದೀನಿ" ಎಂದರೆ ಅವರಿಗೆ ಕೇಳಿಸಬೇಕಲ್ಲ! "ಇದ್ದೀನಿ, ಇದ್ದೀನಿ" ಎಂದು ಕೂಗಿ ಕೂಗಿ ಅಪ್ಪನ ಬಾಯಿಗೆ ಸೋಪಿನ ನೊರೆ ಹೋಯಿತು.

ಕೊನೆಗೆ ಅವರೊಂದು ಉಪಾಯ ಹೂಡಿದರು. ನೇಕಾರನ ತಲೆಗೆ ಬೇರೆ ಏನು ಹೊಳೆದೀತು? ನೂಲು! ಬಚ್ಚಲಿನ ಗವಾಕ್ಷಿಯಿಂದ ಒಂದು ಗಟ್ಟಿ ಎಳೆ ಇಳಿಬಿಟ್ಟರು. ಒಂದು ತುದಿ ಒಳಗೆ ಸ್ನಾನ ಮಾಡುವವರ ಬೆರಳಿಗೆ, ಇನ್ನೊಂದು ತುದಿ ಹಿತ್ತಲಿನ ಕಲ್ಲಿನ ಮೇಲೆ ಸಿಲಿಂಡರಿಗೆ ಕಾವಲು ಕೂತ ಚಿಕ್ಕಪ್ಪನ ಹೆಬ್ಬೆರಳಿಗೆ. ಆಗಾಗ ಎಳೆಯಬೇಕು.

"ಎಳೆ ಅಲ್ಲಾಡ್ತಾ ಇದ್ರೆ ಮಗ್ಗ ನಡೀತಾ ಇದೆ ಅಂತ. ನಿಂತ್ರೆ ಎಲ್ಲೋ ಸಿಕ್ಕೊಂಡಿದೆ ಅಂತ. ಅಷ್ಟೇ ಕಣಮ್ಮ, ಇದರಲ್ಲಿ ನಾಚಿಕೊಳ್ಳೋದೇನು?"

ನಾಚಿಕೆಯಾಗದೆ ಇರುತ್ತದೆಯೇ! ಬೆರಳಿಗೆ ದಾರ ಕಟ್ಟಿಕೊಂಡು ನೀರು ಹುಯ್ದುಕೊಳ್ಳುವ ಬಾಣಂತಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ನನ್ನ ಗಂಡ ಫೋನಿನಲ್ಲಿ ಕೇಳಿ ನಕ್ಕದ್ದೇ ನಕ್ಕದ್ದು. ಅವರು ಮಗು ನೋಡಲು ಬಂದಾಗ ಅವರ ಬೆರಳಿಗೂ ಎಳೆ ಬಿತ್ತು. ಎಳೆಯಲು ಮರೆತರು. ಹಿತ್ತಲಿಂದ "ಅಳಿಯಂದಿರು ಇದ್ದಾರೋ ಇಲ್ವೋ ನೋಡ್ರೋ!" ಎಂಬ ಕೂಗಿಗೆ ಅಕ್ಕಪಕ್ಕದವರು ಓಡಿ ಬಂದು, ಅಳಿಯಂದಿರು ಟವೆಲ್ ಸುತ್ತಿಕೊಂಡು, ಕ್ಯಾಪ್ ಇಲ್ಲದೆ, ಎಲ್ಲರಿಗೂ ದರ್ಶನ ಕೊಡಬೇಕಾಯಿತು.

ಆದರೆ ಚಿಕ್ಕಪ್ಪನಿಗೆ ಎದುರಾಳಿಯೊಬ್ಬರು ಮನೆಯಲ್ಲೇ ಇದ್ದರು, ಅವರನ್ನು ಹೆತ್ತ ನಮ್ಮಜ್ಜಿ. ಅಜ್ಜಿಗೆ ಗ್ಯಾಸಿನ ಭಯವಿಲ್ಲ, ಗಾಳಿಯ ಭಯ! ನನ್ನ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಕಾಲಿಗೆ ಚೀಲ. ಅಷ್ಟಾದರೂ ಬಚ್ಚಲಿನ ಗವಾಕ್ಷಿ ಕಂಡರೆ ಅವರಿಗೆ ನಡುಕ. "ಗಾಳಿ ಹೊಕ್ರೆ ಬಾಣಂತಿಗೆ ಸನ್ನಿ ಆಗ್ತದೆ ಕಣ್ಲಾ! ನಾನು ನಿಮ್ಮನ್ನೆಲ್ಲ ಹೆತ್ತಾಗ ಸಂದುಗೊಂದಿಗೆಲ್ಲ ಬಟ್ಟೆ ತುರುಕೇ ನೀರು ಹುಯ್ದಿದ್ದು" ಎನ್ನುತ್ತಿದ್ದರು. ಚಿಕ್ಕಪ್ಪ "ಆ?" ಎನ್ನುತ್ತಿದ್ದರು. ಅಲ್ಲಿಗೆ ಚರ್ಚೆ ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ಮಂಜು ಕವಿದು ಚಳಿಗಾಳಿ ಬೀಸುತ್ತಿತ್ತು. ನಾನು ಸ್ನಾನಕ್ಕೆ ಹೋಗುವ ಮೊದಲೇ ಅಜ್ಜಿ ಸ್ಟೂಲು ಹತ್ತಿ, ತಮ್ಮ ಹಳೆಯ ಸೀರೆಯೊಂದನ್ನು ಗವಾಕ್ಷಿಗೆ ಬಿಗಿಯಾಗಿ ತುರುಕಿದ್ದರು. ಎಳೆಯನ್ನು ಮಾತ್ರ ಹಾಗೇ ಬಿಟ್ಟು, ಅದರ ಸುತ್ತ ತುರುಕಿದ್ದರು. ಮಗನ ಮಾತಿಗೆ ಅಷ್ಟಾದರೂ ಬೆಲೆ ಕೊಟ್ಟೆನೆಂದು ಅವರಿಗೆ ಸಮಾಧಾನ. ನನಗೋ, ಒಳಗೆ ಬೆಚ್ಚಗಿದೆಯಲ್ಲ ಎಂದು ಖುಷಿಯೇ ಆಯಿತು. ಇಂಗ್ಲಿಷ್ ಪುಸ್ತಿಕೆಯನ್ನು ಬೀದಿಗೆಲ್ಲ ಕೇಳುವಂತೆ ಓದಿದವಳು ನಾನೇ ನೋಡಿ!

ಅಮ್ಮ ನೀರು ಹುಯ್ದು, ಸಾಂಬ್ರಾಣಿಗೆ ಕೆಂಡ ಮಾಡಲು ಹೋದರು. ನಾನು ಚಿಲಕ ಹಾಕಿಕೊಂಡು ಇನ್ನಷ್ಟು ಹುಯ್ದುಕೊಳ್ಳುತ್ತ ಕೂತೆ. ಗೀಸರ್ ಬುಸುಗುಡುತ್ತಿತ್ತು. ತಲೆ ನೋಯತೊಡಗಿತು. ಬಾಣಂತಿಯ ಸುಸ್ತು ಎಂದುಕೊಂಡೆ. ನೆನಪಾಗಿ ಎಳೆ ಎಳೆದೆ, ಅದು ಬರಲಿಲ್ಲ. ಎದ್ದು ನೋಡೋಣವೆಂದರೆ ಕಾಲು ನನ್ನ ಮಾತು ಕೇಳಲಿಲ್ಲ. ನಡುಮನೆಯಲ್ಲಿ ಮಗು ಅಳುವುದು ಕೇಳಿಸಿತು. ಹಾಲಿಗೆ ಅಳುತ್ತಿದೆ, ಹೋಗಬೇಕು ಅಂದುಕೊಂಡೆ. ನನಗೆ ನೆನಪಿರುವುದು ಅಷ್ಟೇ.

ಮುಂದಿನದನ್ನು ಅಮ್ಮ ಹೇಳಿದ್ದು. ಎಳೆ ಅಲ್ಲಾಡದ್ದನ್ನು ಕಂಡು ಚಿಕ್ಕಪ್ಪ ತಾವೇ ಜಗ್ಗಿದರಂತೆ. ಬಿಗಿಯಾಗಿ ನಿಂತಿತು. ಎಲ್ಲಿ ಸಿಕ್ಕಿಕೊಂಡಿದೆಯೆಂದು ತಲೆಯೆತ್ತಿದರೆ ಕಂಡದ್ದು ಅಜ್ಜಿಯ ಸೀರೆಯ ಅಂಚು! ಸಿಲಿಂಡರಿನ ನಾಬ್ ತಿರುಗಿಸಿ, ಸೀರೆಯನ್ನು ಕಿತ್ತೆಸೆದು, ಒಳಗೆ ಓಡಿ ಬಂದು ಭುಜ ಕೊಟ್ಟು ಬಾಗಿಲನ್ನು ಮುರಿದರಂತೆ. ಕುಕ್ಕರಿಗೆ ಹೆದರುವ ಮನುಷ್ಯ! ಬಾಗಿಲು ಬಿದ್ದ ಮರುಕ್ಷಣ ಎರಡೂ ಕಣ್ಣು ಮುಚ್ಚಿಕೊಂಡರಂತೆ. ಹೆಣ್ಣುಮಗಳು ಸ್ನಾನದಲ್ಲಿದ್ದಾಳೆ, ನೋಡಬಾರದಲ್ಲ. ಕಣ್ಣು ಮುಚ್ಚಿಯೇ ತಮ್ಮ ಪಂಚೆ ಬಿಚ್ಚಿ ನನ್ನ ಮೇಲೆ ಹೊದಿಸಿ, ಕಣ್ಣು ಮುಚ್ಚಿಯೇ ನನ್ನನ್ನು ಎತ್ತಿಕೊಂಡು, ಗೋಡೆಗೂ ಕಂಬಕ್ಕೂ ಹಣೆ ಚಚ್ಚಿಕೊಳ್ಳುತ್ತ, "ಅತ್ತಿಗೇ, ದಾರಿ ಹೇಳ್ರೀ, ದಾರಿ!" ಎಂದು ಕೂಗುತ್ತ ಬಯಲಿಗೆ ತಂದರಂತೆ. ಪಟ್ಟೆ ಚಡ್ಡಿಯಲ್ಲಿ ನಿಂತ ಅವರನ್ನು ಕಂಡು ಆ ದಿನ ಬೀದಿಯಲ್ಲಿ ಒಬ್ಬರೂ ನಗಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಡಾಕ್ಟರು, "ಇನ್ನು ಸ್ವಲ್ಪ ತಡ ಆಗಿದ್ರೆ ನಮ್ಮ ಕೈಲಿ ಇರ್ತಿರಲಿಲ್ಲ" ಎಂದರಂತೆ. ಅಜ್ಜಿ ಅತ್ತದ್ದಕ್ಕೆ ಮಿತಿಯಿಲ್ಲ. ಅಪ್ಪ ಹೋಗಿ ಅದೇ ಫಿಟ್ಟರನ್ನು ಕರೆತಂದರು. ಗೋಡೆ ಕುಟ್ಟಿದ್ದೂ ಆಯಿತು, ಗೀಸರ್ ಹೊರಗೋಡೆಗೆ, ತಗಡಿನ ನೆರಳಿಗೆ, ಗವಾಕ್ಷಿಯಿಂದ ದೂರಕ್ಕೆ ಹೋದದ್ದೂ ಆಯಿತು. ಒಳಗೆ ಬರುವುದು ಈಗ ಬಿಸಿನೀರು ಮಾತ್ರ.

ಮನೆಗೆ ಬಂದ ದಿನ ಚಿಕ್ಕಪ್ಪ ನಡುಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಹಣೆಯ ಮೇಲಿನ ಬುಗುಟು ಇನ್ನೂ ಇಳಿದಿರಲಿಲ್ಲ. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಕಾಲನ್ನು ಸರಕ್ಕನೆ ಎಳೆದುಕೊಂಡರು.

"ಬಾಣಂತಿ ಬಗ್ಗಬಾರದು ಕಣಮ್ಮ" ಎಂದರು.

ನಾನು ಅಳುತ್ತ, "ಚಿಕ್ಕಪ್ಪ, ನೀವು ಇಲ್ದೇ ಇದ್ದಿದ್ರೆ..." ಎಂದೆ. ಮೆಲ್ಲಗೇ ಹೇಳಿದ್ದೆ. ಅವರು "ಆ?" ಎನ್ನಲಿಲ್ಲ. ಮಗುವಿನ ಪುಟ್ಟ ಪಾದಗಳೆರಡನ್ನೂ ಕೈಯಲ್ಲಿ ಹಿಡಿದು, ತಮ್ಮ ಕಣ್ಣಿಗೆ ಒತ್ತಿಕೊಂಡರು.

"ಇವಳಿಗೆ ಇವಳ ಅಮ್ಮ ಉಳಿದಳಲ್ಲ ಮಗಾ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲೇ ಇಲ್ಲ.