ಉಳಿದದ್ದನ್ನು ಅಮ್ಮನನ್ನು ಕೇಳಿ ತಿಳಿಯಿರಿ

ದಿನಪತ್ರಿಕೆಯ ಕೊನೆಯ ಪುಟದ ಎಡಮೂಲೆಯಲ್ಲಿ, ಹವಾಮಾನದ ಕೆಳಗೆ, ಪದಬಂಧದ ಮೇಲೆ, ‘ದಿನಕ್ಕೊಂದು ಪಾಠ’ ಎಂಬ ಪುಟ್ಟ ಚೌಕದೊಳಗೆ ಬಹುಕಾಲದಿಂದ ವಾಸವಾಗಿರುವ ಶ್ರೀಮಾನ್ ಜಾಣಮಾಮ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ, ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದೀರೆಂದೂ ನಂಬಿದ್ದೇನೆ. ಇಲ್ಲವಾದರೆ ಜ್ವಾಲಾಮುಖಿಯನ್ನೂ ತಿಮಿಂಗಿಲವನ್ನೂ ಎಂಟೆಂಟು ಸಾಲಿನಲ್ಲಿ ಮುಗಿಸಿ ಕೈ ತೊಳೆದುಕೊಳ್ಳುವುದು ಯಾರಿಂದಲೂ ಆಗುವ ಮಾತಲ್ಲ. ತಮ್ಮ ಪಾಠದ ವಿದ್ಯಾರ್ಥಿನಿ ನಾನಲ್ಲ, ಆ ವಿದ್ಯಾರ್ಥಿನಿಯ ತಾಯಿ. ಒಂದನೇ ತರಗತಿಯ ನನ್ನ ಮಗಳು ಒತ್ತಕ್ಷರ ಓದಲು ಕಲಿತ ದಿನದಿಂದ ತಮ್ಮ ಚೌಕವನ್ನು ಬಿಟ್ಟು ಬೇರೇನನ್ನೂ ಓದುವುದಿಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಪೂರ್ಣವಿರಾಮ ಬಂದಾಗ ಉಸಿರು ತೆಗೆದುಕೊಂಡು, ಒಲೆಯ ಮುಂದೆ, ಬಟ್ಟೆ ಹರವುವ ಕಡೆ, ಸ್ನಾನದ ಮನೆಯ ಮುಚ್ಚಿದ ಬಾಗಿಲ ಹೊರಗೆ, ನಾನು ಎಲ್ಲಿರುತ್ತೇನೋ ಅಲ್ಲಿಗೆ ಬಂದು ಗಟ್ಟಿಯಾಗಿ ಓದುತ್ತಾಳೆ.

ಓದಲಿ, ಸಂತೋಷ. ನನ್ನ ತಕರಾರಿರುವುದು ಒಂಬತ್ತನೆಯ ಸಾಲಿನ ಬಗ್ಗೆ. ಯಾವ ಪಾಠವೇ ಇರಲಿ, ಅದರ ಕೊನೆಯಲ್ಲಿ ತಾವು ದಪ್ಪಕ್ಷರದಲ್ಲಿ ‘ಉಳಿದದ್ದನ್ನು ಅಮ್ಮನನ್ನು ಕೇಳಿ ತಿಳಿಯಿರಿ’ ಎಂದು ಹಾಕುತ್ತೀರಲ್ಲ, ಆ ಸಾಲು. ಆಕಾಶ ಏಕೆ ನೀಲಿ ಎಂದು ಶುರುಮಾಡಿ, ಬೆಳಕು ಚದುರುತ್ತದೆ ಎನ್ನುವಷ್ಟರಲ್ಲಿ ತಮ್ಮ ಜಾಗ ಮುಗಿದುಹೋಗುತ್ತದೆ. ಚದುರಿದ ಬೆಳಕನ್ನು ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸೌಟು ಹಿಡಿದುಕೊಂಡು ನಾನು ಗುಡ್ಡೆಹಾಕಬೇಕು. ನಾನು ಓದಿದ್ದು ಅರ್ಥಶಾಸ್ತ್ರ, ಅದೂ ಮೊದಲ ದರ್ಜೆಯಲ್ಲಿ. ಬೇಡಿಕೆ ಮತ್ತು ಪೂರೈಕೆಯ ಬಗ್ಗೆ ಯಾರಾದರೂ ಒಂದು ಮಾತು ಕೇಳಿಯಾರೇ ಎಂದು ಕಾದಿದ್ದೇ ಬಂತು. ಈ ಮನೆಯಲ್ಲಿ ಬೇಡಿಕೆ ಎಲ್ಲರದು, ಪೂರೈಕೆ ನನ್ನದು ಎಂಬುದು ಗೊತ್ತಿರುವುದರಿಂದಲೋ ಏನೋ, ಯಾರೂ ಕೇಳಿಲ್ಲ.

ತಾವು ತಮ್ಮನ್ನು ಮಾಮ ಎಂದು ಕರೆದುಕೊಂಡಿದ್ದೀರಿ. ನನ್ನ ಮಗಳಿಗೆ ಮಾಮ ಎಂದಮೇಲೆ ನನಗೆ ಅಣ್ಣನಾಗಬೇಕು. ಅಣ್ಣನಾದವನು ಮನೆಗೆ ಬಂದರೆ ಕೂಸನ್ನು ಎತ್ತಿಕೊಂಡು, “ಹೋಗಮ್ಮ, ಒಂದು ಗಳಿಗೆ ಮಲಗು” ಎನ್ನುವುದನ್ನು ನೋಡಿದ್ದೇನೆ. ತಾವಾದರೋ ದಿನಾ ಬೆಳಗ್ಗೆ ಬಾಗಿಲ ಸಂದಿಯಿಂದ ನುಗ್ಗಿ, ನನಗೆ ಕೆಲಸ ಹೇಳಿ, ಪದಬಂಧದ ಮೇಲೆ ಕಾಲು ಚಾಚಿ ಕುಳಿತುಬಿಡುತ್ತೀರಿ. ಇಂಥ ಅಣ್ಣನನ್ನು ಪಡೆಯಲು ನಾನು ಏನು ಮಾಡಿದ್ದೆನೋ ಗೊತ್ತಿಲ್ಲ.

ಹಾಗೆಂದು ತಮ್ಮಿಂದ ಉಪಕಾರವೇ ಆಗಿಲ್ಲವೆಂದರೆ ನಾಲಿಗೆ ಸೇದಿಹೋದೀತು. ಜೇನುಗೂಡಿನ ಪಾಠದ ದಿನ ನನ್ನ ಮಗಳು ಇಡೀ ಮನೆ ಕೇಳುವಂತೆ ಓದಿ, ನಮ್ಮ ಅತ್ತೆಯವರ ಮುಂದೆ ನಿಂತು, “ಅಜ್ಜಿ, ರಾಣಿ ಜೇನು ಕೂತಲ್ಲೇ ಕೂತಿರತ್ತಂತೆ, ಎಲ್ಲರೂ ತಂದು ತಂದು ತಿನ್ನಿಸ್ತಾರಂತೆ. ನಿನ್ನ ಥರ!” ಎಂದಳು. ಅತ್ತೆಯವರು ಮೊಮ್ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಮದುವೆಯಾದಾಗಿನಿಂದ ಗಂಟಲಲ್ಲಿಟ್ಟುಕೊಂಡಿದ್ದ ಮಾತು ತಮ್ಮ ಕೃಪೆಯಿಂದ ಅಚ್ಚಾಗಿ ಬಂದದ್ದಕ್ಕೆ ಒಳಗೊಳಗೇ ಕೈ ಮುಗಿದೆ. ಗೂಡಿನಲ್ಲಿ ಕಡ್ಡಿ ಎತ್ತಿಡದ ಗಂಡು ಜೇನಿನ ಸಾಲು ಬರುವಷ್ಟರಲ್ಲಿ ನಮ್ಮ ಮನೆಯವರು ಚಪ್ಪಲಿ ಮೆಟ್ಟಿ, ನಮ್ಮ ಕನ್ನಡಕದ ಅಂಗಡಿಗೆ ಹೊರಟಾಗಿತ್ತು. ಎಲುಬಿನ ಪಾಠವನ್ನು ಮಾತ್ರ ಕ್ಷಮಿಸಲಾರೆ. ದೊಡ್ಡವರ ಮೈಗಿಂತ ಎಳೆಗೂಸಿನ ಮೈಯಲ್ಲೇ ಎಲುಬು ಹೆಚ್ಚು ಎಂದು ಬರೆದಿರಿ. ಆಗತಾನೇ ಕಣ್ಣು ಮುಚ್ಚಿದ್ದ ಕೂಸನ್ನು ಅವಳು ಕಾಲಿನಿಂದ ಎಣಿಸುತ್ತ ಬಂದಳು. ಪಕ್ಕೆಲುಬು ಮುಟ್ಟುವಷ್ಟರಲ್ಲಿ ಅದು ಎದ್ದು ಕುಯ್ಯೋ ಮರ್ರೋ ಎಂದಿತು. ಹೆಚ್ಚಿನ ಎಲುಬುಗಳು ಆಮೇಲೆ ಎಲ್ಲಿಗೆ ಹೋಗುತ್ತವೆ ಎಂಬ ಉಳಿದದ್ದನ್ನು ನನ್ನನ್ನೇ ಕೇಳಿದಳು. “ನಿದ್ದೆ ಹೋದಲ್ಲಿಗೇ ಹೋಗ್ತಾವೆ” ಎಂದು ಹೇಳಿದ್ದೇನೆ. ತಪ್ಪಿದ್ದರೆ ತಿದ್ದಿ.

ಈಗ ನಿಜವಾದ ದೂರಿಗೆ ಬರುತ್ತೇನೆ. ಕಳೆದ ವಾರ ತಾವು ‘ನಿದ್ರೆ’ ಎಂಬ ಪಾಠ ಬರೆದಿರಿ. ಯಾವ ಪ್ರಾಣಿಯೂ ನಿದ್ದೆಯಿಲ್ಲದೆ ಬಹಳ ದಿನ ಬದುಕಲಾರದು ಎಂಬುದು ಅದರ ಎಂಟನೆಯ ಸಾಲು. ಒಂಬತ್ತನೆಯದು ಎಂದಿನಂತೆ ದಪ್ಪಕ್ಷರದಲ್ಲಿತ್ತು. ಆ ದಿನ ಮಗಳು ಉಳಿದದ್ದನ್ನು ಕೇಳಲು ಬರಲಿಲ್ಲ. ಮರುದಿನ ಚಂದ್ರನ ಪಾಠಕ್ಕೂ ಬರಲಿಲ್ಲ, ಅದರ ಮರುದಿನ ಉಪ್ಪಿನ ಪಾಠಕ್ಕೂ ಇಲ್ಲ. ಮೂಲೆಯಲ್ಲಿ ಕುಳಿತು ತುಟಿಯಲ್ಲೇ ಓದಿಕೊಂಡು, ಪತ್ರಿಕೆ ಮಡಚಿಟ್ಟು ಶಾಲೆಗೆ ಹೋದಳು. ಅಂತೂ ಇವಳಿಗೆ ಹುಚ್ಚು ಬಿಟ್ಟಿತು ಎಂದು ನಾನು ಕುಣಿಯುವುದೊಂದು ಬಾಕಿ. ನನ್ನ ಬುದ್ಧಿಗಿಷ್ಟು.

ಅದೇ ದಿನಗಳಲ್ಲಿ ಜನ ನನ್ನನ್ನು ವಿಚಿತ್ರವಾಗಿ ಗೌರವಿಸತೊಡಗಿದರು. ಹಾಲಿನವನು ಬೆಲ್ ಒತ್ತದೆ ಕಳ್ಳನಂತೆ ಪ್ಯಾಕೆಟ್ ಇಟ್ಟು ಮೆಟ್ಟಿಲಿಳಿದ. ಎದುರುಮನೆಯಾಕೆ ಕಿತ್ತಳೆಹಣ್ಣು ತಂದು ಕೊಟ್ಟು, ನನ್ನ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡರು. ಇವತ್ತು ನಾಳೆ ಎಂದು ಕೂಸು ಹೊಟ್ಟೆಯಲ್ಲಿದ್ದಾಗಿನಿಂದ ಅಲೆಸುತ್ತಿದ್ದ ಕೆಳಗಿನ ಮನೆಯ ದರ್ಜಿ, ನನ್ನ ಡ್ರೆಸ್ಸನ್ನು ಹೊಲಿದು, ಇಸ್ತ್ರಿ ಮಾಡಿ, ತಾನೇ ಮೇಲೆ ತಂದುಕೊಟ್ಟ. ಜೊತೆಗೆ ಮಿಕ್ಕ ಬಟ್ಟೆಯನ್ನೂ ಕೊಟ್ಟ. ಮಿಕ್ಕ ಬಟ್ಟೆಯನ್ನು ವಾಪಸು ಕೊಡುವ ದರ್ಜಿಯನ್ನು ಕಂಡಾಗಲೇ ನನಗೆ ಏನೋ ಘನಘೋರವಾದದ್ದು ನಡೆದಿದೆ ಎಂದು ಹೊಳೆದದ್ದು. ಬಿಡದೆ ಕೇಳಿದೆ. ಅವನು ನೆಲ ನೋಡುತ್ತ, “ಏನಿಲ್ಲ ಅಕ್ಕ... ನಿಮ್ಮ ದೊಡ್ಡ ಪಾಪು ಮೆಟ್ಟಿಲ ಮೇಲೆ ನಿಂತ್ಕೊಂಡು ಬಂದೋರಿಗೆಲ್ಲ ‘ಶ್‌, ನಮ್ಮಮ್ಮ ಜಾಸ್ತಿ ದಿನ ಇರಲ್ಲ’ ಅಂತಿದ್ಲು. ‘ಅಮ್ಮ ಹೋದ್ರೆ ಉಳಿದಿದ್ದನ್ನ ಯಾರನ್ನ ಕೇಳ್ಬೇಕು ಅಂಕಲ್?’ ಅಂತ ನನ್ನ ಕೇಳಿದ್ಲು. ನಾನು ಉಳಿದ ಬಟ್ಟೆ ಅಂದ್ಕೊಂಡೆ” ಎಂದ.

ಮಾನ್ಯರೇ, ಆ ಬಟ್ಟೆಯ ತುಂಡನ್ನು ಹಿಡಿದುಕೊಂಡು ಬಾಗಿಲಲ್ಲೇ ಕುಳಿತುಬಿಟ್ಟೆ. ಮಗಳು ಶಾಲೆಯಿಂದ ಬಂದಮೇಲೆ ಯಾಕೆ ನನ್ನನ್ನು ಏನೂ ಕೇಳುತ್ತಿಲ್ಲವೆಂದು ವಿಚಾರಿಸಿದೆ. ಬೂಟಿನ ಲೇಸಿನ ಜೊತೆ ಗುದ್ದಾಡುತ್ತ ಅವಳು, “ಕೇಳಿದ್ರೆ ನೀನು ಹೇಳ್ತಾ ಕೂತ್ಕೋತೀಯ. ಆಗ ನಿದ್ದೆ ಮಾಡಲ್ಲ. ಆಮೇಲೆ...” ಎಂದಳು. ನನಗೇನೂ ಆಗುವುದಿಲ್ಲ, ಅಮ್ಮಂದಿರು ಹೀಗೇ ಇರುತ್ತಾರೆ, ಕೂಸು ದೊಡ್ಡದಾದಮೇಲೆ ಬೇಕಾದಷ್ಟು ಮಲಗುತ್ತೇನೆ ಎಂದೆಲ್ಲ ಹೇಳಿದೆ. ಅವಳು ಕರುಣೆಯಿಂದ ನನ್ನ ಮುಖ ನೋಡಿ, “ಹಾಗಂತ ಮಾಮ ಬರೆದಿಲ್ವಲ್ಲಮ್ಮ” ಎಂದಳು.

ತಮ್ಮ ಮಾತಿಗಿರುವ ಬೆಲೆ ನೋಡಿ. ಅವಳು ಅಜ್ಜಿಯ ಮುಂದೆ ಪತ್ರಿಕೆ ಹಿಡಿದು ಎಂಟನೆಯ ಸಾಲನ್ನು ಓದಿದಳು. ರಾಣಿ ಜೇನು ಗೂಡುಬಿಟ್ಟು ಎದ್ದು ಬಂದು ಕೂಸನ್ನು ಮಡಿಲಿಗೆ ಹಾಕಿಕೊಂಡಿತು. ಅಪ್ಪನ ಮುಂದೆ ಓದಿದಳು. ಗಂಡು ಜೇನು ಒಲೆಯ ಮುಂದೆ ಹೋಗಿ ನಿಂತು, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ನನ್ನನ್ನು ಕೇಳಲು ಬಾಯಿ ತೆರೆದು, ಮಗಳ ಕಣ್ಣು ನೋಡಿ ಮುಚ್ಚಿಕೊಂಡಿತು. ಹೆರಿಗೆಯಾದಾಗಿನಿಂದ ನಾನು ಅತ್ತು ಕರೆದು ಮಾಡಿಸಲಾಗದ್ದನ್ನು ತಮ್ಮ ಒಂದು ಸಾಲು ಮಾಡಿತು. ಹಾಡುಹಗಲಲ್ಲಿ, ಪರದೆ ಎಳೆದ ಕೋಣೆಯಲ್ಲಿ, ನನ್ನನ್ನು ಮಲಗಿಸಲಾಯಿತು. ನಿದ್ದೆ ಹತ್ತಿತು ಕೂಡ. ಹತ್ತಿದ ಕೂಡಲೇ ಯಾರೋ ನನ್ನ ರೆಪ್ಪೆಯನ್ನು ಎರಡು ಬೆರಳಿನಿಂದ ಎತ್ತಿದರು. ನೋಡುತ್ತೇನೆ, ಅಪ್ಪನ ಅಂಗಡಿಯ ಕಣ್ಣು ಪರೀಕ್ಷಿಸುವ ಪುಟ್ಟ ಟಾರ್ಚು. ಅದನ್ನು ನನ್ನ ಕಣ್ಣೊಳಗೆ ಬಿಟ್ಟು, “ಇದಾಳೆ!” ಎಂದು ಮಗಳು ಅಡುಗೆಮನೆಗೆ ಕೂಗಿ ಹೇಳಿದಳು.

ಅಂದಿನಿಂದ ಇದೇ ಕಥೆ. ನಾನು ನಿದ್ದೆ ಮಾಡದಿದ್ದರೆ ಅವಳಿಗೆ ಭಯ, ಮಾಡಿದರೆ ಇನ್ನೂ ಭಯ. ಎಚ್ಚರವಿದ್ದಾಗ ಪ್ರಶ್ನೆಯಿಲ್ಲ, ಮಲಗಿದಾಗ ಟಾರ್ಚಿದೆ. ಈ ಮನೆಯಲ್ಲಿ ಪ್ರಶ್ನೆಯಿಲ್ಲದ ಬೆಳಗು ಎಷ್ಟು ಉದ್ದವೆಂಬುದು ನನಗೆ ಗೊತ್ತಿರಲಿಲ್ಲ. ಕೇಳುವಾಗ ತಲೆ ಚಿಟ್ಟು ಹಿಡಿಯುತ್ತಿತ್ತು, ನಿಜ. ಈಗ ಅವಳು ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು, ನನ್ನನ್ನು ಉಳಿಸಲೆಂದು ನುಂಗುವುದನ್ನು ನೋಡಿದರೆ, ನಾನೇ ಪತ್ರಿಕೆ ಹಿಡಿದುಕೊಂಡು ಅವಳ ಹಿಂದೆ ಹೋಗುತ್ತೇನೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಅದೇ ಚೌಕದಲ್ಲಿ, ಅದೇ ಅಕ್ಷರದಲ್ಲಿ, ‘ಕಳೆದ ವಾರದ ನಿದ್ರೆಯ ಪಾಠವು ಅಮ್ಮಂದಿರಿಗೆ ಅನ್ವಯಿಸುವುದಿಲ್ಲ, ಅಮ್ಮಂದಿರು ಎಲ್ಲಿಗೂ ಹೋಗುವುದಿಲ್ಲ’ ಎಂದು ಒಂದು ತಿದ್ದುಪಡಿ ಹಾಕಬೇಕು. ಅದು ಸುಳ್ಳೆಂದು ತಮಗೂ ಗೊತ್ತು, ನನಗೂ ಗೊತ್ತು. ತಮ್ಮ ಚೌಕದಲ್ಲಿ ಇದುವರೆಗೆ ಒಂದೂ ಸುಳ್ಳು ಅಚ್ಚಾಗಿಲ್ಲವಾದ್ದರಿಂದ ಒಂದಕ್ಕೆ ಜಾಗವಿದ್ದೀತು. ಅವಳು ದೊಡ್ಡವಳಾಗಿ ಸಿಟ್ಟಾದರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಸಾಧ್ಯವಾದರೆ ಅಪ್ಪಂದಿರಿಗೂ ಉಳಿದದ್ದು ಗೊತ್ತಿದೆಯೆಂಬ ವದಂತಿಯನ್ನು ಭಾನುವಾರಗಳಂದಾದರೂ ಹಬ್ಬಿಸಿ. ಒಂಬತ್ತನೆಯ ಸಾಲನ್ನು ತೆಗೆಯಿರಿ ಎಂದು ಕೇಳಲು ಈ ಪತ್ರ ಶುರುಮಾಡಿದ್ದೆ. ತೆಗೆಯಬೇಡಿ. ಅವಳು ಮತ್ತೆ ಬಂದು ಕೇಳಲು ನನಗಿರುವುದು ಅದೊಂದೇ ಸಾಲು.

ಕೇಳದೆ ಸಿಕ್ಕ ಅಣ್ಣನಿಗೆ ವಂದಿಸುತ್ತಾ, ತೂಕಡಿಸುತ್ತಾ,

ತಮ್ಮ ವಿಶ್ವಾಸಿ,
ಉಳಿದದ್ದನ್ನು ಹೇಳುವವಳು

ಮರೆತ ಮಾತು: ಇಷ್ಟು ಬರೆದು ಲಕೋಟೆ ಹುಡುಕುತ್ತಿರುವಾಗ ಮಗಳು ಬಂದು, ಪತ್ರದ ಮೊದಲ ಸಾಲುಗಳ ಕೆಳಗೆ ಬೆರಳಿಟ್ಟು ತಮ್ಮ ಹೆಸರನ್ನು ಓದಿದಳು. ಆಮೇಲೆ, ಒಂದು ವಾರದ ನಂತರ ಮೊದಲ ಬಾರಿಗೆ, “ಅಮ್ಮಾ, ಜಾಣಮಾಮ ದಿನಾ ಬರೀತಾರಲ್ಲ, ಅವರು ಯಾವಾಗ ನಿದ್ದೆ ಮಾಡ್ತಾರೆ? ಅವರ ಕಣ್ಣು ಯಾರು ನೋಡ್ತಾರೆ?” ಎಂದು ಕೇಳಿದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಉಳಿದದ್ದನ್ನು ಮಾಮನನ್ನೇ ಕೇಳಿ ತಿಳಿ ಎಂದು ಹೇಳಿದ್ದೇನೆ. ಶನಿವಾರ ಮಧ್ಯಾಹ್ನ ಅವಳು ಅಪ್ಪ, ಅಜ್ಜಿ ಮತ್ತು ಕೂಸಿನ ಸಮೇತ ತಮ್ಮ ಕಚೇರಿಗೆ ಬರುತ್ತಾಳೆ. ಟಾರ್ಚು ಅವಳೇ ತರುತ್ತಾಳೆ. ಸಂಜೆಯವರೆಗೂ ಇಟ್ಟುಕೊಳ್ಳಿ, ಅವಸರವಿಲ್ಲ, ನಾನು ಮಲಗಿರುತ್ತೇನೆ.