ಹತ್ತು ಹತ್ತರ ಮೀಸೆ

ನನ್ನ ನೆನಪಿನ ಮೇಲೆ ಯಾರಿಗೆ ಅನುಮಾನವೋ ಅವರು ಈ ವಾಯ್ಸ್ ಮೆಸೇಜನ್ನು ಇಲ್ಲೇ ನಿಲ್ಲಿಸಿ ಹೋಗಿ ಹಲ್ಲುಜ್ಜಿಕೊಳ್ಳಿ. ಹೋದ ವಾರದ ಕಥೆಗೆ ರುದ್ರೇಶಿ ನಮ್ಮ ಗುಂಪಿನಲ್ಲಿ ಏನು ಬರೆದ, ಗೊತ್ತಲ್ಲ? "ತಾತ, ಹಿಂದಿನ ಸಲ ಆ ರಾಜನಿಗೆ ಮೀಸೆಯೇ ಇರಲಿಲ್ಲ." ಅಯ್ಯಾ ರುದ್ರೇಶಿ, ಮೀಸೆ ಇಲ್ಲದವನು ಪಕ್ಕದ ರಾಜ್ಯದವನು. ಅವನ ಕಥೆಯಲ್ಲಿ ಆನೆ ಇತ್ತು. ಇದರಲ್ಲಿ ಆನೆ ಇಲ್ಲ, ಇರುವೆ ಇದೆ. ಬೆಳಿಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ನನಗೆ ನೆನಪಿರುವುದಿಲ್ಲ, ಒಪ್ಪುತ್ತೇನೆ. ರಾಜರ ವಿಷಯದಲ್ಲಿ ಮಾತ್ರ ನನ್ನನ್ನು ಯಾರೂ ತಿದ್ದಬೇಡಿ.

ಈಗ ಕೇಳಿ. ಬಹಳ ಬಹಳ ಹಿಂದೆ, ಗಡಿಯಾರ ಇದ್ದರೂ ಯಾರೂ ಹೊತ್ತಿಗೆ ಸರಿಯಾಗಿ ಬಾರದ ಕಾಲದಲ್ಲಿ, ಕೊಂಕಾವತಿ ಎಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜಾಧಿರಾಜ ಊರ್ಧ್ವಶ್ಮಶ್ರುಸೇನ ಭೂಪಾಲ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿದ್ದುದರಿಂದ ಜನ ಅವನನ್ನು ಮೀಸೆರಾಯ ಎನ್ನುತ್ತಿದ್ದರು.

ಮೀಸೆ ಎಂದರೆ ಅದು ಮೀಸೆ. ಎರಡೂ ತುದಿ ಕೆನ್ನೆಯಿಂದ ಮೇಲೆದ್ದು, ಗಡಿಯಾರದ ಮುಳ್ಳು ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತದಲ್ಲ, ಹಾಗೆ ನಿಲ್ಲುತ್ತಿತ್ತು. ಆ ರಾಜ್ಯದ ಅಭಿವೃದ್ಧಿ ಸೂಚ್ಯಂಕವೂ ಅದೇ. ದಿನಾ ಬೆಳಿಗ್ಗೆ ಡಂಗುರದವನು ಬೀದಿಬೀದಿಯಲ್ಲಿ "ಮಹಾಪ್ರಭುಗಳ ಮೀಸೆ ಹತ್ತು ಹತ್ತು! ರಾಜ್ಯ ಸುಭಿಕ್ಷ!" ಎಂದು ಸಾರುತ್ತಿದ್ದ. ಕೆರೆ ಒಡೆದರೂ ಹತ್ತು ಹತ್ತು. ಸೇತುವೆ ಬಿದ್ದರೂ ಹತ್ತು ಹತ್ತು. ಬಾವಿಯಲ್ಲಿ ನೀರಿಲ್ಲ ಎಂದು ಅರ್ಜಿ ತಂದವರಿಗೆ ದೂರದಿಂದ ಮೀಸೆ ತೋರಿಸಿ ಕಳಿಸುತ್ತಿದ್ದರು. ಅವರೂ ನೋಡಿಕೊಂಡು ಹೋಗುತ್ತಿದ್ದರು, ಮತ್ತೇನು ಮಾಡಿಯಾರು?

ವಯಸ್ಸು ಯಾರನ್ನು ಬಿಟ್ಟಿದೆ? ಒಂದು ದಿನ ತುಂಬಿದ ಸಭೆಯಲ್ಲಿ ಮೀಸೆಯ ಬಲತುದಿ ಮೆಲ್ಲಗೆ ಇಳಿಯತೊಡಗಿತು. ಮೊದಲು ಕಂಡವನು ಮಹಾಮಂತ್ರಿ ನವನೀತರಾಯ. ಅವನು ಕತ್ತನ್ನು ವಾಲಿಸಿದ. ಕತ್ತು ವಾಲಿಸಿ ನೋಡಿದರೆ ಮೀಸೆ ಸಮ ಕಾಣುತ್ತಿತ್ತು. ಅವನನ್ನು ನೋಡಿ ಇಡೀ ಆಸ್ಥಾನ ಕತ್ತು ವಾಲಿಸಿತು.

"ಯಾಕ್ರಯ್ಯಾ, ಎಲ್ಲರ ಕತ್ತೂ ಒಂದೇ ಕಡೆಗೆ ವಾಲಿದೆ?" ಎಂದ ರಾಜ.

"ನಿಷ್ಠೆ, ಮಹಾಸ್ವಾಮಿ. ತಮ್ಮ ಕಡೆಗೇ ವಾಲುತ್ತೆ," ಎಂದ ನವನೀತರಾಯ.

ಆ ವಾರ ರಾಜವೈದ್ಯನಲ್ಲಿ ಕತ್ತುನೋವಿನ ಎಣ್ಣೆ ಮುಗಿದುಹೋಯಿತು.

ಆದರೆ ಅರಮನೆಯ ಕನ್ನಡಿಗೆ ನಿಷ್ಠೆ ಇರಲಿಲ್ಲ. ರಾಜ ಅದರಲ್ಲಿ ತನ್ನ ಮುಖ ಕಂಡು ಕಿರುಚಿದ. ಇನ್ನು ಎಂಟೇ ದಿನಕ್ಕೆ ಪಟ್ಟಾಭಿಷೇಕದ ಬೆಳ್ಳಿಹಬ್ಬ. ಪಕ್ಕದ ರಾಜ್ಯದ ರಾಯಭಾರಿ ಬರುವವನಿದ್ದ. ನಡುಮಧ್ಯಾಹ್ನ, ಬಯಲಿನಲ್ಲಿ ದರ್ಶನ. ರಾಜ ತನ್ನ ಕ್ಷೌರಿಕ ಮುದ್ದೀರನನ್ನು ಕರೆಸಿದ.

"ಲೋ ಮುದ್ದೀರ, ಆವತ್ತು ಸೂರ್ಯ ನೆತ್ತಿ ಮೇಲಿರುವಾಗ ಮೀಸೆ ಹತ್ತು ಹತ್ತರಲ್ಲೇ ಇರಬೇಕು. ಅದು ಇಳಿದರೆ ನಿನ್ನ ಬಲಗೈ ಹೆಬ್ಬೆರಳೂ ಇಳಿಯುತ್ತೆ."

ಹೆಬ್ಬೆರಳಿಲ್ಲದೆ ಕತ್ತಿ ಹಿಡಿಯುವುದು ಹೇಗೆ? ಕತ್ತಿ ಹಿಡಿಯದಿದ್ದರೆ ಉಣ್ಣುವುದು ಹೇಗೆ? ಮುದ್ದೀರ ಮನೆಗೆ ಬಂದು ಬಲಗೈಯನ್ನು ಕಂಕುಳಲ್ಲಿ ಅವುಚಿಕೊಂಡು ಜಗಲಿಯ ಮೇಲೆ ಕೂತ. ಅವನ ಹೆಂಡತಿಯ ಹೆಸರು ಹುಚ್ಚೀರಮ್ಮ. ಇಡೀ ಕೊಂಕಾವತಿಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅವಳೊಬ್ಬಳಿಗೇ. ಹೆಸರಿಟ್ಟವರಿಗೆ ಅದು ಹೇಗೆ ಗೊತ್ತಾಗಬೇಕು?

"ಯಾಕ್ರೀ, ಕೈ ಬಚ್ಚಿಟ್ಕೊಂಡು ಕೂತಿದ್ದೀರಾ? ಕದ್ದೀರಾ ಏನಾದ್ರೂ?"

"ನಂದೇ ಹೆಬ್ಬೆಟ್ಟು ಕಣೇ. ಇನ್ನೆಂಟು ದಿನ ಮಾತ್ರ ನಂದು," ಎಂದು ಮುದ್ದೀರ ನಡೆದದ್ದೆಲ್ಲ ಹೇಳಿದ.

"ಇಷ್ಟೇನಾ? ಮೀಸೆ ನಿಲ್ಸಕ್ಕೆ ಯಾವ ಮಂತ್ರ ಬೇಕು? ಮೇಣ ಬೇಕು. ಏಳಿ, ಒಲೆ ಹಚ್ಚಿ."

ಅವಳ ತವರಿನವರು ಬೆಟ್ಟದಲ್ಲಿ ಜೇನು ಕೀಳುವವರು. ಜೇನು ಹಿಂಡಿದ ಮೇಲೆ ಉಳಿದ ಹುಟ್ಟಿನ ಮೇಣ ಅವಳ ಅಡಿಗೆಮನೆಯಲ್ಲಿ ಯಾವಾಗಲೂ ಒಂದು ಉಂಡೆ ಇರುತ್ತಿತ್ತು. ಕೇಳಿಸಿಕೊಳ್ಳಿ, ನಿಮಗೂ ಬೇಕಾದೀತು. ಅಗಲ ಪಾತ್ರೆಯಲ್ಲಿ ನೀರು ಕಾಯಲಿಟ್ಟಳು. ಅದರೊಳಗೆ ಸಣ್ಣ ಬಟ್ಟಲು. ಮೇಣವನ್ನು ನೇರವಾಗಿ ಬೆಂಕಿಗಿಟ್ಟರೆ ಹೊತ್ತಿಕೊಳ್ಳುತ್ತದೆ, ಮನೆಯೂ ಹೊತ್ತಿಕೊಳ್ಳುತ್ತದೆ. ತುರಿದ ಮೇಣ ಮೂರು ಪಾಲು, ಕೊಬ್ಬರಿ ಎಣ್ಣೆ ಒಂದೇ ಪಾಲು, ಅಂಟಿಗೆಂದು ಕಡಲೆಕಾಳಿನಷ್ಟು ರಾಳ. ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿದಳು. ತಣ್ಣನೆ ತಟ್ಟೆಗೆ ಒಂದು ತೊಟ್ಟು ಬಿಟ್ಟು ಉಗುರಿನಲ್ಲಿ ಒತ್ತಿ ನೋಡಿದಳು. ಉಗುರು ಮೆತ್ತಗೆ ಇಳಿದರೆ ಎಣ್ಣೆ ಜಾಸ್ತಿ. ಇಳಿಯಲಿಲ್ಲ. ತಗಡಿನ ಪುಟ್ಟ ಡಬ್ಬಿಗೆ ಹೊಯ್ದಳು.

"ಉಗುರಿನ ಬೆನ್ನಲ್ಲಿ ಒಂಚೂರು ಕೆರ್ಕೊಳಿ. ಎರಡು ಬೆರಳ ಮಧ್ಯ ತಿಕ್ಕಿ ಬಿಸಿ ಮಾಡಿ. ಬುಡದಿಂದ ತುದಿಗೆ ಎಳೆದು ತಿರುವಿ. ಆಮೇಲೆ ಮುಟ್ಟಬೇಡಿ, ಯಾರು ಕೇಳಿದ್ರೂ."

ಮರುದಿನ ಮುದ್ದೀರ ಹಾಗೆಯೇ ಹಚ್ಚಿದ ಮೇಲೆ ರಾಜನನ್ನು ಪರೀಕ್ಷೆಗೆಂದು ಬಿಸಿಲಿನಲ್ಲಿ ಕೂರಿಸಿದರು. ಗಾಳಿ ಬೀಸಿತು, ಕಿರೀಟ ಅಲುಗಿತು, ಮೀಸೆ ಅಲುಗಲಿಲ್ಲ. ಮಧ್ಯಾಹ್ನವೂ ಹತ್ತು ಹತ್ತು, ಸಂಜೆಯೂ ಹತ್ತು ಹತ್ತು.

ಅಲ್ಲಿಗೇ ಮುಗಿದಿದ್ದರೆ ನಾನು ಯಾಕೆ ಇಷ್ಟು ಹೊತ್ತು ಬಾಯಿ ನೋಯಿಸಿಕೊಳ್ಳುತ್ತಿದ್ದೆ? ನವನೀತರಾಯನಿಗೆ ನಿದ್ದೆ ಹತ್ತಲಿಲ್ಲ. ತನ್ನ ಇಲಾಖೆಗೆ ತಿಳಿಯದೆ ರಾಜ್ಯದಲ್ಲಿ ಕೆಲಸವೊಂದು ಸರಿಯಾಗಿ ನಡೆದುಬಿಟ್ಟಿದೆಯಲ್ಲ!

"ಪ್ರಭು, ಒಂದು ಒಲೆ, ಒಂದು ಬಟ್ಟಲು, ಒಬ್ಬ ಹೆಂಗಸು. ಇದರಲ್ಲಿ ಆಡಳಿತ ಎಲ್ಲಿದೆ?"

ರಾಜ ಯೋಚಿಸಿದ. ನಿಜಕ್ಕೂ ಇರಲಿಲ್ಲ. ಕೂಡಲೇ 'ಸಮಗ್ರ ಮೀಸೆಮೇಣ ಅಭಿವೃದ್ಧಿ ಪ್ರಾಧಿಕಾರ' ಅಸ್ತಿತ್ವಕ್ಕೆ ಬಂತು. ಅಧ್ಯಕ್ಷ ನವನೀತರಾಯ. ಉಪಾಧ್ಯಕ್ಷ ಅವನ ಭಾವಮೈದುನ. ಭಾವಮೈದುನನಿಗೆ ಮೀಸೆಯೇ ಇರಲಿಲ್ಲ, ಆದ್ದರಿಂದ ಪಕ್ಷಪಾತದ ಮಾತೇ ಇಲ್ಲ.

ಪ್ರಾಧಿಕಾರದ ಮೊದಲ ಸಭೆಗೆ ಹುಚ್ಚೀರಮ್ಮನನ್ನು ಬಟ್ಟಲು ಸಮೇತ ಕರೆಸಿದರು. ಬಟ್ಟಲಿನೊಳಗೆ ಇಣುಕಿದ ನವನೀತರಾಯನಿಗೆ ದೊಡ್ಡ ಲೋಪ ಕಂಡಿತು.

"ಬೆಣ್ಣೆ ಎಲ್ಲಿ?"

"ಬೆಣ್ಣೆ ಯಾಕೆ ಬುದ್ಧಿ?" ಎಂದಳು ಹುಚ್ಚೀರಮ್ಮ.

"ನೋಡಮ್ಮಾ, ಇಪ್ಪತ್ತೈದು ವರ್ಷದಿಂದ ಈ ಆಸ್ಥಾನದಲ್ಲಿದ್ದೇನೆ. ಬೆಣ್ಣೆ ಹಚ್ಚದೆ ಇಲ್ಲಿ ಯಾವುದೂ ಮೇಲಕ್ಕೆ ಹೋಗಿದ್ದನ್ನು ನಾನು ಕಂಡಿಲ್ಲ. ಮೀಸೆ ಹೇಗೆ ಹೋಗುತ್ತೆ?"

ಅನುಭವದ ಮಾತು. ಅವನು ಒಂದು ಚಮಚ ಹಾಕಿದ. ಅವನಿಗಿಂತ ಕಡಿಮೆ ಹಾಕಿದರೆ ನಿಷ್ಠೆ ಕಡಿಮೆ ಎಂದಾಗುತ್ತದೆಂದು ಸೇನಾಪತಿ ಎರಡು ಚಮಚ ಹಾಕಿದ. ಆಸ್ಥಾನಪಂಡಿತ ಸೌಟಿನಲ್ಲೇ ಹಾಕಿದ. ಊರಿನ ಬೆಣ್ಣೆಯೆಲ್ಲ ಅರಮನೆಗೆ ಬಂತು, ಮಕ್ಕಳು ಬರೀ ರೊಟ್ಟಿ ತಿಂದವು. ಉಪಾಧ್ಯಕ್ಷನಿಗೂ ಒಂದು ವಿಚಾರ ಹೊಳೆಯಿತು: ಜೇನು ಹಿಂಡಿ ಬಿಸಾಡುವ ಮೇಣವೇ ಇಷ್ಟು ಒಳ್ಳೆಯದಾದರೆ ಜೇನು ಇನ್ನೆಷ್ಟು ಒಳ್ಳೆಯದಿರಬೇಕು! ಎರಡು ಕೊಡ ಜೇನು ಬಿತ್ತು. ಕೊನೆಗೆ ಮೇಣ ಉಳಿದದ್ದು ಪ್ರಾಧಿಕಾರದ ಹೆಸರಿನಲ್ಲಿ ಮಾತ್ರ.

ಹುಚ್ಚೀರಮ್ಮ ಒಂದು ತೊಟ್ಟು ತಟ್ಟೆಗೆ ಬಿಟ್ಟು ಉಗುರಿಟ್ಟಳು. ಉಗುರು ತಟ್ಟೆ ಮುಟ್ಟಿತು.

"ಬುದ್ಧೀ, ಇದು ಮೇಣ ಅಲ್ಲ, ರೊಟ್ಟಿಗೆ ನೆಂಚ್ಕೊಳ್ಳೋದು. ಬಿಸಿಲು ತಾಕಿದ್ರೆ ಹರ್ದು ಹೋಗ್ತದೆ."

"ಬಿಸಿಲು ಬಂದರೆ ತಾನೇ?" ಎಂದು ನವನೀತರಾಯ ಅಲ್ಲೇ ಆದೇಶ ಬರೆಸಿದ: 'ಬೆಳ್ಳಿಹಬ್ಬದ ದಿನದ ಮಧ್ಯಾಹ್ನವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ಪ್ರತಿ: ಸೂರ್ಯನಿಗೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.'

"ಹೆಬ್ಬೆಟ್ಟು ನಮ್ದಲ್ವಾ ಬುದ್ಧಿ? ಹಳೇ ಡಬ್ಬೀದೇ ಹಚ್ಚಕ್ಕೆ ಬಿಡಿ."

"ಮೇಣ ನಮ್ಮದು, ಮೀಸೆ ಪ್ರಭುಗಳದು, ಜವಾಬ್ದಾರಿ ನಿಮ್ಮದು. ಕೆಲಸ ಹೀಗೆ ಹಂಚಿಕೊಂಡರೇ ಆಡಳಿತ ಸುಗಮ, ತಾಯಿ."

ಬೆಳ್ಳಿಹಬ್ಬ ಬಂತು. ಪ್ರಾಧಿಕಾರದವರೇ ಮೀಸೆಗೆ ಬಳಿದರು, ಮುದ್ದೀರನನ್ನು ಹತ್ತಿರ ಬಿಡಲಿಲ್ಲ. ಹುಚ್ಚೀರಮ್ಮ ಮಾತ್ರ ಯಾವುದಕ್ಕೂ ಇರಲಿ ಎಂದು ಹಳೆಯ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಬಯಲು ತುಂಬ ಜನ. ಸಿಂಹಾಸನದ ಪಕ್ಕದಲ್ಲಿ ರಾಯಭಾರಿ. ಸ್ವಲ್ಪ ದೂರದಲ್ಲಿ ಒಂದು ಮರದ ಕೊರಡು, ಅದರ ಪಕ್ಕ ಮಚ್ಚು ಹಿಡಿದ ಭಟ, ಅವನ ಪಕ್ಕ ಮುದ್ದೀರ.

ಸೂರ್ಯ ಆದೇಶ ಓದಿರಲಿಲ್ಲ. ಸರಿಯಾಗಿ ನೆತ್ತಿಯ ಮೇಲೆ ಬಂದ.

ಮೊದಲು ಬೆಣ್ಣೆ ಗಲ್ಲಕ್ಕೆ ಇಳಿಯಿತು. ಮೀಸೆ ಒಂಬತ್ತು ಕಾಲಾಯಿತು. ಆಮೇಲೆ ಜೇನು ಇಳಿಯಿತು. ಮೀಸೆ ಎರಡೂ ಕಡೆ ಜೋತುಬಿದ್ದು ಎಂಟು ಇಪ್ಪತ್ತಾಯಿತು. ಅಷ್ಟರಲ್ಲಿ ಸಿಂಹಾಸನದ ಕಾಲಿನಿಂದ ಇರುವೆಗಳು ಸಾಲು ಹಿಡಿದು ಬಂದವು. ಅಂಗಿ ಹತ್ತಿ, ಕೊರಳ ಹಾರ ದಾಟಿ, ಮೀಸೆ ಸೇರಿದವು.

"ಅದೇನು, ಮೀಸೆ ಓಡಾಡುತ್ತಿದೆಯಲ್ಲ?" ಎಂದ ರಾಯಭಾರಿ.

"ಸಣ್ಣವರು ಕೂಡ ಪ್ರಭುಗಳ ಬಾಯಿಯವರೆಗೆ ಬರಬಹುದಾದ ಏಕೈಕ ರಾಜ್ಯ ನಮ್ಮದು," ಎಂದ ನವನೀತರಾಯ.

ರಾಜ ಸೀನಿದ. "ಯಾರಲ್ಲಿ! ನನ್ನ ಮೀಸೆ ಎಷ್ಟು ಗಂಟೆ?"

ರಾಯಭಾರಿ ಪಾಪ ಹೊರಗಿನವನು, ಅವನಿಗೆ ಇಲ್ಲಿಯ ಪದ್ಧತಿ ಗೊತ್ತಿರಲಿಲ್ಲ. "ಎಂಟು ಇಪ್ಪತ್ತು," ಎಂದುಬಿಟ್ಟ.

"ಬೆರಳು!" ಎಂದು ರಾಜ ಗುಡುಗಿದ.

ಮುದ್ದೀರನ ಕೈಯನ್ನು ಕೊರಡಿನ ಮೇಲಿಟ್ಟರು. ಭಟ ಮಚ್ಚು ಎತ್ತಿದ. ನೋಡಲಾಗದೆ ಹುಚ್ಚೀರಮ್ಮ ಬೆನ್ನು ತಿರುಗಿಸಿದಳು. ತಿರುಗಿದ ರಭಸಕ್ಕೆ ಸೊಂಟದ ಡಬ್ಬಿ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದವಳಿಗೆ ಮೊಣಕಾಲ ಸಂದಿಯಿಂದ ಸಿಂಹಾಸನ ಕಂಡಿತು. ಎಳೆಮಕ್ಕಳು ಹೀಗೆ ಬಗ್ಗಿ ನೋಡಿದರೆ ಮನೆಗೆ ನೆಂಟರು ಬರುತ್ತಾರೆ ಎನ್ನುತ್ತೇವಲ್ಲ, ಆ ಥರ. ತಲೆಕೆಳಗಾದ ಸಿಂಹಾಸನ, ತಲೆಕೆಳಗಾದ ರಾಜ, ಮೇಲಕ್ಕೆ ನಿಂತ ಮೀಸೆ!

"ತಡೀರಿ!" ಎಂದು ಬಗ್ಗಿಕೊಂಡೇ ಕೂಗಿದಳು. "ಹತ್ತು ಹತ್ತೇ ಐತೆ ಮಹಾಸ್ವಾಮಿ! ಇಲ್ಲಿಂದ ನೋಡಿ. ಮೀಸೆ ಇಳಿದಿಲ್ಲ. ನಾವೇ ಇಷ್ಟು ದಿನ ತಲೆಕೆಳಗಾಗಿ ನಿಂತಿದ್ದೋ!"

ಹುಟ್ಟಿದಾಗಿನಿಂದ ಅವಳು ಯಾರಿಗೂ ಬೆಣ್ಣೆ ಹಚ್ಚಿದವಳಲ್ಲ. ಆವತ್ತು ಹಚ್ಚಿದಳು. ಗಂಡನ ಬೆರಳು ಕೊರಡಿನ ಮೇಲಿರುವಾಗ ನೀವಾದರೂ ಹಚ್ಚುತ್ತಿದ್ದಿರಿ.

ಮೊದಲು ಬಗ್ಗಿದವನು ನವನೀತರಾಯ. ಹೊಟ್ಟೆ ಅಡ್ಡ ಬಂತು, ಪೇಟ ಉರುಳಿತು, ಆದರೂ ಬಗ್ಗಿದ. "ಅದ್ಭುತ! ಅಮೋಘ! ಹತ್ತು ಹತ್ತು!" ಸೇನಾಪತಿ ಅವನಿಗಿಂತ ಹೆಚ್ಚು ನಿಷ್ಠೆ ತೋರಲು ತಲೆ ಮೇಲೇ ನಿಂತ. ಬಯಲಿಗೆ ಬಯಲೇ ತಲೆಕೆಳಗಾಯಿತು. ರಾಯಭಾರಿ ಒಬ್ಬ ನೆಟ್ಟಗೆ ನಿಂತು, ನಗು ಬಂದು, ಕೆಮ್ಮಿದಂತೆ ಮಾಡಿದ.

"ನನಗೆ ಮಾತ್ರ ಕಾಣುತ್ತಿಲ್ಲವಲ್ಲ?" ಎಂದ ರಾಜ.

"ಆಳುವವರಿಗೆ ಕಾಣಬೇಕಾಗಿಲ್ಲ ಪ್ರಭು. ಆಳಿಸಿಕೊಳ್ಳುವವರಿಗೆ ಕಂಡರೆ ಸಾಕು," ಎಂದ ನವನೀತರಾಯ.

ರಾಜನಿಗೆ ತೃಪ್ತಿಯಾಯಿತು. ಮಚ್ಚು ಕೆಳಗಿಳಿಯಿತು. ಮುದ್ದೀರ ಬೆರಳನ್ನು ಬಾಯಲ್ಲಿಟ್ಟುಕೊಂಡು ಅತ್ತ.

ಮರುದಿನವೇ ಹೊಸ ಕಾನೂನು. ಮಹಾಪ್ರಭುಗಳ ಸವಾರಿ ಬರುವಾಗ ಪ್ರಜೆಗಳೆಲ್ಲ ತಲೆ ಮೇಲೆ ನಿಲ್ಲತಕ್ಕದ್ದು. ಹೆಂಗಸರಿಗೆ, ಎಪ್ಪತ್ತು ದಾಟಿದವರಿಗೆ ರಿಯಾಯಿತಿ: ಬಗ್ಗಿ ಮೊಣಕಾಲ ಸಂದಿಯಿಂದ ನೋಡಿದರೆ ಸಾಕು. ಜೋತುಬಿದ್ದ ಮೀಸೆ ಮತ್ತೆ ಮೇಲೇಳದಂತೆ ಅದರ ಎರಡೂ ತುದಿಗೆ ಒಂದೊಂದು ಪುಟ್ಟ ಚಿನ್ನದ ಕಿರೀಟ ತೊಡಿಸಿದರು. ಪಂಚಾಂಗ ನೋಡಿ, ವಾದ್ಯ ಊದಿಸಿ, ಮೀಸೆಗೇ ಪಟ್ಟಾಭಿಷೇಕ.

ಮನುಷ್ಯ ತಲೆಕೆಳಗಾದರೆ ಏನಾಗುತ್ತದೆ ಹೇಳಿ? ಕಿಸೆಯಲ್ಲಿದ್ದದ್ದು, ಉಡಿಯಲ್ಲಿದ್ದದ್ದು ಎಲ್ಲ ಉದುರುತ್ತದೆ. ಅಡಿಕೆ ಚೀಲ, ನಶ್ಯದ ಡಬ್ಬಿ, ಬೀಗದ ಕೈ, ಸಂತೆಗೆಂದು ಇಟ್ಟುಕೊಂಡ ಚಿಲ್ಲರೆ. ನವನೀತರಾಯ ಅದಕ್ಕೂ ಒಂದು ಸಾಲು ಸೇರಿಸಿದ್ದ: 'ದರ್ಶನಕಾಲದಲ್ಲಿ ಉದುರಿದ್ದೆಲ್ಲ ಭಕ್ತಿಯಿಂದ ಅರ್ಪಿಸಿದ್ದು.' ಸವಾರಿಯ ಹಿಂದೆಯೇ ಪೊರಕೆ ಹಿಡಿದ ಭಟರು. ಬಗ್ಗಿ ನೋಡಿದರೆ ನೆಂಟರು ಬರುತ್ತಾರೆ ಎಂಬುದು ಸುಳ್ಳಲ್ಲ ನೋಡಿ. ಬಂದರು, ದಿನಕ್ಕೆರಡು ಸಲ ಬಂದರು.

ಒಂದು ದಿನ ಸವಾರಿ ಮುದ್ದೀರನ ಅಂಗಡಿಯ ಮುಂದೆ ಬಂತು. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ತಲೆ ಮೇಲೆ ನಿಂತ, ಅವನ ಪಕ್ಕದಲ್ಲಿ ಮುದ್ದೀರ. ಹುಚ್ಚೀರಮ್ಮ ಬಗ್ಗಿದಳು. ಸೊಂಟದಿಂದ ತಗಡಿನ ಡಬ್ಬಿ ಮತ್ತೆ ಬಿತ್ತು. ಪೊರಕೆ ಭಟ ಅದನ್ನು ಎತ್ತಿ, ಮುಚ್ಚಳ ತೆಗೆದು, ಮೂಸಿದ.

"ಏನಮ್ಮೋ ಇದು?"

"ಮೇಣ."

"ಬೆಣ್ಣೆ ಎಷ್ಟು ಹಾಕಿದ್ದೀಯ?"

"ಒಂಚೂರೂ ಇಲ್ಲ."

"ಥೂ, ಕೆಲ್ಸಕ್ಕೆ ಬಾರದ್ದು." ಮೇಣ ಕೆರೆದು ಚರಂಡಿಗೆ ಹಾಕಿದ, ಡಬ್ಬಿ ಜೋಳಿಗೆಗೆ ಹಾಕಿಕೊಂಡ.

"ಹೋಗ್ಲಿ ಬಿಡೇ," ಎಂದ ಮುದ್ದೀರ ತಲೆಕೆಳಗಿನಿಂದಲೇ. "ಹೆಬ್ಬೆಟ್ಟು ಉಳೀತಲ್ಲ."

"ಉಳೀತು," ಎಂದಳು ಹುಚ್ಚೀರಮ್ಮ. "ನೆಲಕ್ಕೆ ಊರ್ಕೊಂಡು ನಿಂತ್ಕೊಳ್ಳಕ್ಕಾದ್ರೂ ಆಯ್ತು."

ಇಷ್ಟೇ ಕಥೆ. ರುದ್ರೇಶಿ, ಇದರಲ್ಲಿ ತಪ್ಪು ಹುಡುಕಬೇಡ, ಬೇಕಾದರೆ ಮೇಣ ಕಾಯಿಸಿ ನೋಡು. ಉಳಿದವರು ಇದನ್ನು ನಿಮ್ಮ ನಿಮ್ಮ ಗುಂಪಿಗೆ ದಾಟಿಸಿ. ಕೇಳುವವರಿಗೆ ಒಂದು ಮಾತು ಹೇಳಿ ಕಳಿಸಿ: ನೆಟ್ಟಗೆ ನಿಂತು ಕೇಳಲಿ. ಬಗ್ಗಿದರೆ ಜೇಬಿನಲ್ಲಿರುವ ಫೋನೇ ಉದುರೀತು.