ಶಾಸ್ತ್ರಕ್ಕೆ ಒತ್ತಿದ ಗುಂಡಿ

"ಇನ್ನ ಮ್ಯಾಲ ಈ ಕಂಪ್ಯೂಟರ್ ಕೆಲಸಕ್ಕಂತ ನಾ ಬಸ್ ಹತ್ತಿದ್ರ, ಈ ಮೀಸಿ ಬೋಳಸ್ತೀನಿ!"

ಭಾನುವಾರ ಸಂಜೆ ಯಲಬುರ್ಗಾದ ಉಮಾಪತಿಯವರು ಜೋಕಾಲಿಯ ಮೇಲೆ ಕೂತು ಹೀಗೆ ಗರ್ಜಿಸಿದಾಗ ಜೋಕಾಲಿಯ ಸರಪಳಿಯೂ ಒಮ್ಮೆ ಕಿರ್ ಎಂದಿತು. ಮೀಸೆಯೆಂದರೆ ಅಂತಿಂಥ ಮೀಸೆಯಲ್ಲ. ನಲವತ್ತು ವರ್ಷ ಎಣ್ಣೆ ಕುಡಿದು ಬೆಳೆದದ್ದು. ಎರಡೂ ತುದಿಗೆ ಒಂದೊಂದು ನಿಂಬೆಹಣ್ಣು ನಿಲ್ಲುತ್ತದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ನಿಂತದ್ದನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ.

ತಾಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಮನುಷ್ಯ. ನಿವೃತ್ತಿಯಾದ ಮೇಲೆ ಗುರುವಿಲ್ಲದೆ, ಪುಸ್ತಕ ತಿರುವಿ, ಮೊಬೈಲಿನಲ್ಲಿ ವಿಡಿಯೊ ನೋಡಿ ಸರ್ವರ್ ವಿದ್ಯೆ ಕಲಿತಿದ್ದರು. ಕೊಪ್ಪಳದ ಗೊಬ್ಬರದಂಗಡಿ, ಗಂಗಾವತಿಯ ರೈಸ್ ಮಿಲ್, ಕುಷ್ಟಗಿಯ ಎಣ್ಣೆ ಗಾಣ, ಈ ಮೂರರ ಸರ್ವರುಗಳಿಗೂ ಇವರೇ ವೈದ್ಯರು. ಯಾವ ಸರ್ವರ್ ಸೀನಿದರೂ ಇವರು ಬಸ್ ಹತ್ತಬೇಕು. ಸಾಕಾಗಿತ್ತು. ಮೂರೂ ಕಡೆ ಹೊಸ ಯಂತ್ರ ಇಟ್ಟು ಬಂದು, ಮನೆಯಲ್ಲೇ ಕೂತು ಅವನ್ನು ಸಜ್ಜುಗೊಳಿಸುವ ಆಜ್ಞೆಗಳ ಪಟ್ಟಿ, ಅಂದರೆ ಶೆಲ್ ಸ್ಕ್ರಿಪ್ಟ್ ಬರೆದಿದ್ದರು. ಮಂಗಳವಾರ ಬೆಳಿಗ್ಗೆಯಿಂದ ಮೂರೂ ಅಂಗಡಿಗಳಲ್ಲಿ ಹೊಸ ಯಂತ್ರದಲ್ಲೇ ಬಿಲ್ಲು!

"ಮೂರು ಫೈಲು ನೋಡು," ಎಂದು ಹೆಂಡತಿಗೆ ವಿವರಿಸಿದರು. "ಮೊದಲ್ನೇದು, ನನ್ನ ಎಸ್‌ಎಸ್‌ಎಚ್ ಚಾವಿ, ಅಂದ್ರ ಇಲ್ಲೇ ಕೂತು ಅಲ್ಲಿ ಒಳಗ ಹೋಗೋ ಚಾವಿ, ಅದರ ಗುರುತು ಆ ಮೂರೂ ಮಷಿನ್ನಿಗೆ ಮುಟ್ಟಸ್ತೈತಿ. ಎರಡ್ನೇದು, ಬಿಲ್ಲಿನ ಸಾಮಾನು ಜೋಡಸ್ತೈತಿ. ಮೂರ್ನೇದು, ಪಾಸ್‌ವರ್ಡಿನ ಬಾಗಲಾ ಕಾಯಂ ಮುಚ್ಚತೈತಿ. ಆಮ್ಯಾಲ ನನ್ನ ಚಾವಿ ಇಲ್ಲದ ಕಳ್ಳ ಅಲ್ಲ, ಕಳ್ಳನ ಅಪ್ಪ ಬಂದ್ರೂ ಒಳಗ ಹೋಗಂಗಿಲ್ಲ!"

"ಛಲೋ ಆತ್ರಿ," ಎಂದಳು ದಾನೇಶ್ವರಿ. "ನೀವಂತೂ ಮನ್ಯಾಗ ಇರ್ತೀರಿ. ನಾಳೆ ನಾ ಕುಷ್ಟಗಿಗೆ ನಮ್ಮಕ್ಕನ ಮನಿಗೆ ಹೋಗಿ ಸಂಜಿ ಬಸ್ಸಿಗೆ ಬರ್ತೀನಿ."

"ಹೋಗಿ ಬಾ! ಬಸ್ಸು ನಿನಗ, ಜೋಕಾಲಿ ನನಗ!"

ಸೋಮವಾರ ಏಳೂವರೆಗೆ ರಾಹುಕಾಲ. ದಾನೇಶ್ವರಿಯ ಬಸ್ಸು ಎಂಟಕ್ಕೆ. ಆಕೆಗೇನು ಚಿಂತೆ? ಏಳೂಕಾಲಿಗೇ ತನ್ನ ಕೈಚೀಲವನ್ನು ಎದುರು ಮನೆಯ ಹುಸೇನಬೀಯ ಕಟ್ಟೆಯ ಮೇಲಿಟ್ಟು ಬಂದಳು. ಚೀಲ ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದಂತೆಯೇ. ಆಮೇಲೆ ರಾಹು ಬಂದು ಬಾಗಿಲಲ್ಲಿ ಕೂತರೂ ಏನೂ ಕಿತ್ತುಕೊಳ್ಳಲಾರ.

"ನಿಮ್ಮದೂ ಶುರು ಮಾಡಿಬಿಡ್ರಿ," ಎಂದಳು. "ಏಳೂವರಿ ದಾಟಿದ್ರ ಒಂಬತ್ತರ ತನಕ ಮುಟ್ಟಂಗಿಲ್ಲ."

"ಲೇ, ಸರ್ವರಿಗೆ ಎಂಥಾ ರಾಹು, ಎಂಥಾ ಕೇತು?" ಎಂದು ಉಮಾಪತಿ ನಕ್ಕರು. ನಗುತ್ತಲೇ ಗಡಿಯಾರ ನೋಡಿದರು. ಏಳು ಇಪ್ಪತ್ತೇಳು! ಹೋದ ವರ್ಷ ರಾಹುಕಾಲದಲ್ಲಿ ಇಟ್ಟ ಪ್ರಿಂಟರು ಇಂದಿಗೂ ಕೆಮ್ಮುತ್ತಿದ್ದದ್ದು ನೆನಪಾಯಿತು. ಬಾಯಲ್ಲಿ ವಿಜ್ಞಾನ, ಎದೆಯಲ್ಲಿ ಢವಢವ.

ಮೊದಲನೆಯ ಫೈಲು ಮುಗಿಯಲು ಹತ್ತು ನಿಮಿಷ ಬೇಕು. ಎರಡನೆಯದಕ್ಕೆ ಅರ್ಧ ತಾಸು. ಅರ್ಧಕ್ಕೆ ರಾಹು ಬಂದು ಬಾಯಿ ಹಾಕಿದರೆ? ಮೂರನೆಯದು ನಾಲ್ಕೇ ಸಾಲಿನದು, ಹತ್ತು ಸೆಕೆಂಡಿನ ಕೆಲಸ.

"ಶಾಸ್ತ್ರಕ್ಕ ಸಣ್ಣದೊಂದು ಮಾಡಿಬಿಡ್ತೀನಿ!" ಎಂದವರೇ ಮೂರನೆಯದನ್ನು ಒತ್ತಿಬಿಟ್ಟರು.

ಕೊಪ್ಪಳ, ಮುಗಿಯಿತು. ಗಂಗಾವತಿ, ಮುಗಿಯಿತು. ಕುಷ್ಟಗಿ, ಮುಗಿಯಿತು. ಏಳು ಇಪ್ಪತ್ತೊಂಬತ್ತು! ದಾನೇಶ್ವರಿ ಕಾಯಿ ಒಡೆದಳು. ಉಮಾಪತಿ ಮೀಸೆ ತಿರುವಿದರು. ಆಕೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಇವರು ಆಕೆ ಕರಿದಿಟ್ಟಿದ್ದ ಮೂರು ಮಿರ್ಚಿ ಭಜಿ ತಿಂದು, ಒಂಬತ್ತರವರೆಗೆ ಜೋಕಾಲಿಯ ಮೇಲೆ ಚಕ್ರವರ್ತಿಯಂತೆ ಗೊರಕೆ ಹೊಡೆದರು.

ಒಂಬತ್ತು ಹೊಡೆದು ಒಂದು ನಿಮಿಷಕ್ಕೆ ಮೊದಲನೆಯ ಫೈಲು ಒತ್ತಿದರು.

ಕೊಪ್ಪಳ: ಪರ್ಮಿಷನ್ ಡಿನೈಡ್. ಗಂಗಾವತಿ: ಪರ್ಮಿಷನ್ ಡಿನೈಡ್. ಕುಷ್ಟಗಿ: ಅದೂ ತನ್ನಿಬ್ಬರು ಅಕ್ಕಂದಿರ ಮಾತನ್ನೇ ಆಡಿತು.

ಜೋಕಾಲಿ ನಿಂತಿತು. ಚಾವಿಯ ಗುರುತನ್ನು ಒಳಗೆ ಮುಟ್ಟಿಸಬೇಕಾದದ್ದು ಪಾಸ್‌ವರ್ಡಿನ ಬಾಗಿಲಿನಿಂದಲೇ. ಆ ಬಾಗಿಲನ್ನು ಮೊದಲೇ ಮುಚ್ಚಿಯಾಗಿತ್ತು. ಮುಚ್ಚಿದವನು ಕಳ್ಳನಲ್ಲ, ಕಳ್ಳನ ಅಪ್ಪನೂ ಅಲ್ಲ, ಸಾಕ್ಷಾತ್ ಉಮಾಪತಿ!

ಗಂಗಾವತಿ ಮಿಲ್ಲಿನ ಗುಮಾಸ್ತ ರೆಹಮಾನನಿಗೆ ಫೋನು ಹೋಯಿತು. "ರೆಹಮಾನ, ಆ ಮಷಿನ್ನಿಗೆ ಒಂದು ಕೀಬೋರ್ಡ್ ಹಚ್ಚಪಾ. ನಾ ಹೇಳಿದ್ದು ಬಡಿ."

"ಹೆಂಗ್ ಹಚ್ಲಿರೀ ಸರ? ಮಷಿನ್ನು ಕಪಾಟಿನ್ಯಾಗ ಐತಿ."

"ಕಪಾಟು ತಗಿ!"

"ಅದಕ್ಕ ಕೀಲಿ ಹಾಕಿ ಚಾವಿ ಕಿಸೇದಾಗ ಇಟ್ಕೊಂಡು ಹೋದೋರು ನೀವ ಅಲ್ಲೇನ್ರಿ? 'ದೂರದಿಂದ ಆಳೋನು ನಾ, ನೀವ್ಯಾರೂ ಮುಟ್ಟಬ್ಯಾಡ್ರಿ' ಅಂದಿದ್ರಿ. ಸರ, ಹಳೇ ಮಷಿನ್ನು ಇವತ್ತ ಸಂಜಿಗೆ ಬಂದ್ ಮಾಡ್ತಾರ. ನಾಳೆ ಬಿಲ್ ಬರಲಿಲ್ಲಂದ್ರ ಸಾಹುಕಾರು ನನ್ನ ನೆಲ್ಲಿನ ಜೋಡಿ ಮಿಲ್ಲಿಗೆ ಹಾಕ್ತಾರ್ರಿ!"

ಮೂರೂ ಕಪಾಟಿನ ಚಾವಿಗಳು ಗೂಟಕ್ಕೆ ನೇತುಬಿದ್ದು ಇವರನ್ನೇ ನೋಡುತ್ತಿದ್ದವು. ಹೋಗದೆ ಗತಿಯಿಲ್ಲ. ಬಸ್ ಹತ್ತಿದರೆ ಮೀಸೆ ಇಲ್ಲ. ಉಮಾಪತಿ ಹತ್ತು ನಿಮಿಷ ಯೋಚಿಸಿದರು. ಬಸ್ಸು ಎಂದಿದ್ದೆನೇ ಹೊರತು ಲಾರಿ ಎಂದಿದ್ದೆನೇ? ಧರ್ಮಸೂಕ್ಷ್ಮ ಸಿಕ್ಕಿತು! ಕಪಾಟಿನ ಚಾವಿ ಬಾಚಿಕೊಂಡು, ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು, ಕೀಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು, ಬಾಗಿಲೆಳೆದು ಕೀಲಿ ಒತ್ತಿ ಓಡಿದರು.

ಕೊಪ್ಪಳದವರೆಗೆ ಉಳ್ಳಾಗಡ್ಡಿಯ ಗಾಡಿ. ಚೀಲಗಳ ಮೇಲೆ ಕೂತು ಕಣ್ಣೀರಿಡುತ್ತ ಹೋದರು. ಉಳ್ಳಾಗಡ್ಡಿಯ ಖಾರಕ್ಕೋ ತಮ್ಮ ಬುದ್ಧಿಗೋ ಅವರಿಗೇ ತಿಳಿಯಲಿಲ್ಲ. ಗಂಗಾವತಿಗೆ ಸಿಮೆಂಟಿನ ಲಾರಿ. ಅಲ್ಲಿಂದ ಕುಷ್ಟಗಿಗೆ ತೌಡಿನ ಲಾರಿ. ಒಂದೊಂದು ಕಡೆಯೂ ಐದು ನಿಮಿಷದ ಕೆಲಸ! ಚಾವಿಯ ಗುರುತು ಒಳಗಿಟ್ಟರು, ಎರಡನೆಯ ಫೈಲು ಓಡಲು ಬಿಟ್ಟರು, ಎದ್ದರು. ಕುಷ್ಟಗಿಯಲ್ಲಿ ಮೂರನೆಯ ಯಂತ್ರವೂ "ಮುಗಿಯಿತು" ಎಂದಾಗ ಸಂಜೆ ಆರೂವರೆ. ಸಿಮೆಂಟಿನ ಮೇಲೆ ತೌಡು ಕೂತ ಮೀಸೆ ಉಂಡೆ ಕಟ್ಟಿದಂತಾಗಿತ್ತು. ಆದರೂ ಮೀಸೆ ಮೀಸೆಯೇ. ಉಳಿದಿತ್ತು!

ಯಲಬುರ್ಗಾಕ್ಕೆ ಒಂದೂ ಲಾರಿ ಸಿಗಲಿಲ್ಲ. ಟಂಟಂ ಆಟೊ ಇಲ್ಲ, ಟ್ರ್ಯಾಕ್ಟರ್ ಇಲ್ಲ. ಸ್ಟ್ಯಾಂಡಿನಲ್ಲಿ ಬಸ್ಸೊಂದು ನಿಂತಿತ್ತು. ಯಾರು ನೋಡಬೇಕು? ಟವೆಲನ್ನು ಕಣ್ಣಷ್ಟೇ ಕಾಣುವಂತೆ ಸುತ್ತಿಕೊಂಡು, ಕಳ್ಳಬೆಕ್ಕಿನಂತೆ ಹತ್ತಿ, ಖಾಲಿ ಕಂಡ ಸೀಟಿನಲ್ಲಿ ಕೂತರು. ಬಸ್ಸು ಊರು ದಾಟಿತು.

"ರೀ," ಎಂದಿತು ಪಕ್ಕದ ಸೀಟು. "ಕೀಬೋರ್ಡ್ ನನ್ನ ಪಕ್ಕಿಗೆ ಚುಚ್ಚಾಕತ್ತೈತಿ. ಸ್ವಲ್ಪ ಆಕಡಿ ಹಿಡೀರಿ."

ದಾನೇಶ್ವರಿ! ಉಮಾಪತಿ ಟವೆಲಿನೊಳಗಿಂದಲೇ ತೊದಲಿದರು.

"ನಾ... ಇದು ಕೆಲಸಕ್ಕಂತ ಹತ್ತಿದ ಬಸ್ಸಲ್ಲ. ಕೆಲಸ ಮುಗದ ಮ್ಯಾಲ ಹತ್ತಿದ ಬಸ್ಸು!"

"ಹೌದ್ರಿ, ಹೌದು. ಮನಿ ಕೀಲಿ ಹಾಕಿ ಬಂದೀರಿಲ್ಲೋ?"

"ಭದ್ರ ಹಾಕೀನಿ!"

"ಚಾವಿ?"

ಉಮಾಪತಿ ಕಿಸೆ ಮುಟ್ಟಿಕೊಂಡರು. ಕೊಪ್ಪಳದ ಕಪಾಟಿನ ಚಾವಿ ಇತ್ತು. ಗಂಗಾವತಿಯದು ಇತ್ತು. ಕುಷ್ಟಗಿಯದೂ ಇತ್ತು. ಮನೆಯದು ಮಾತ್ರ ಜೋಕಾಲಿಯ ಮೇಲೆ ಮಲಗಿತ್ತು. ಕೀಲಿಯೋ, ಒತ್ತಿದರೆ ಸಾಕು, ತಾನೇ ಬೀಳುವಂಥದ್ದು. ಒಂದೇ ದಿನದಲ್ಲಿ ನಾಲ್ಕನೆಯ ಬಾಗಿಲು!

ಅವರ ಮುಖ ನೋಡಿ ದಾನೇಶ್ವರಿ ಅವರ ಮೊಣಕೈ ತಟ್ಟಿದಳು. "ಗಾಬರಿ ಆಗಬ್ಯಾಡ್ರಿ. ಹುಸೇನಬೀ ಕಡೆ ಒಂದು ಚಾವಿ ಐತಿ. ಆ ಕೀಲಿ ತಂದ ದಿನಾನ, ಬಾಗಲಾಕ್ಕ ಹಚ್ಚೂಕಿಂತ ಮೊದ್ಲ ಕೊಟ್ಟು ಬಂದೀನಿ. ನಾ ಏನ್ ಕಂಪ್ಯೂಟರ್ ಕಲ್ತಾಕಿ ಅಲ್ಲ ನೋಡ್ರಿ!"

ಅಷ್ಟರಲ್ಲಿ ಕಂಡಕ್ಟರ್ ಬಂದ. ದಾನೇಶ್ವರಿ ಗುರುತಿನ ಚೀಟಿ ತೋರಿಸಿ ತನ್ನ ಪುಕ್ಕಟೆ ಟಿಕೆಟ್ ಇಸಿದುಕೊಂಡಳು. ಆಮೇಲೆ ಟವೆಲಿನ ಕಡೆ ಬೆರಳು ಮಾಡಿದಳು.

"ಇವ್ರಿಗೆ ಒಂದು ಫುಲ್ ಕೊಡ್ರಿ. ಒಳಗ ಮೀಸಿ ಐತಿ, ಅದಕ್ಕೊಂದು ಹಾಫ್ ಹರೀರಿ. ಯಲಬುರ್ಗಾ ಸ್ಟ್ಯಾಂಡಿನ ಕಟಿಂಗ್ ಅಂಗಡಿ ಮುಂದ ಅದು ಇಳೀತೈತಿ."